ಮದುವೆಯಲ್ಲಿ ಜನ ನಿಜವಾಗಿ ಅಳುವುದು ಯಾವಾಗ?

"ಇಷ್ಟ್ ಮದುವಿ ನೋಡೀರಿ, ಮಂದಿ ಖರೇನ ಅಳೋದು ಯಾವಾಗ್ರಿ?"

ಹಾವೇರಿ ಕಡೆ ಹದಿನೆಂಟು ವರ್ಷದಿಂದ ಮದುವೆಯ ಫೋಟೊ, ವಿಡಿಯೊ ತೆಗೆಯುತ್ತಿದ್ದೇನೆ. ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ಇದನ್ನು ಕೇಳದೇ ಬಿಡುವುದಿಲ್ಲ. ಹುಗ್ಗಿಗೆ ತುಪ್ಪ ಬೀಳುವಷ್ಟರಲ್ಲಿ ಉತ್ತರವನ್ನೂ ಅವರೇ ಹೇಳಿಬಿಡುತ್ತಾರೆ: "ಹೆಣ್ಣು ಒಪ್ಪಿಸಿ ಕೊಡುವಾಗ, ಹೌದಲ್ರಿ?"

ಅಲ್ಲ. ಆಗಲೂ ಅಳು ಇರುತ್ತದೆ, ಜೋರಾಗಿಯೇ ಇರುತ್ತದೆ. ಉಡಿ ತುಂಬಿ ಮಗಳ ಕೈಯನ್ನು ಅತ್ತೆಯ ಕೈಗೆ ಇಟ್ಟರೆ ಇಡೀ ಮಂಟಪದ ಕಣ್ಣು ಒದ್ದೆ. ಅದು ಸುಳ್ಳಿನ ಅಳು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಎಲ್ಲರೂ ತಯಾರಾಗಿ ಬಂದಿರುತ್ತಾರೆ. ಸೆರಗು ಕೈಯಲ್ಲೇ ಇರುತ್ತದೆ. ಒಬ್ಬ ಚಿಗವ್ವ ನನ್ನ ಲೈಟ್ ತನ್ನ ಕಡೆ ತಿರುಗುವ ತನಕ ಕಾದು, ಆಮೇಲೆ ಅತ್ತಿದ್ದನ್ನೂ ನೋಡಿದ್ದೇನೆ.

ರಾಣೆಬೆನ್ನೂರಿನ ಒಂದು ಮದುವೆಯಲ್ಲಿ ಹುಡುಗಿಯ ತಾಯಿ ಒಂದು ಹನಿ ಹಾಕಲಿಲ್ಲ. ಉಗ್ರಾಣದ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬೆಳಗಿನಿಂದ ಓಡಾಡುತ್ತಿದ್ದರು. ಬೀಗರಿಗೆ ಚಹಾ ಹೋಯಿತೋ ಇಲ್ಲವೋ, ಅಯ್ಯನವರ ದಕ್ಷಿಣೆ ಆಯಿತೋ ಇಲ್ಲವೋ. ಮಗಳು ಕೊರಳಿಗೆ ಬಿದ್ದು ಅತ್ತಾಗಲೂ ಬೆನ್ನು ತಟ್ಟಿ, "ಕಾರಿನ್ಯಾಗ ಎಸಿ ಭಾಳ ಇಟ್ಕೋಬ್ಯಾಡ" ಅಂದರು. ಹೆಂಗಸರು ಆಡಿಕೊಂಡರು, ಎಂಥಾ ಕಲ್ಲೆದೆ ಅಂತ.

ಕಾರು ಹೋಗಿ ಒಂದು ತಾಸಾಗಿತ್ತು. ನಾನು ವೈರ್ ಸುತ್ತುತ್ತಿದ್ದೆ. ಅಡುಗೆಯವನು ಬಂದ.

"ಅಕ್ಕಾರ, ರಾತ್ರಿಗೆ ಎಷ್ಟ್ ಮಂದಿಗೆ ಅಕ್ಕಿ ಹಾಕೂಣ್ರಿ?"

ಅವರು ಬೆರಳು ಮಡಚುತ್ತಾ ಎಣಿಸಿದರು. "ಅಣ್ಣನ ಮನಿಯವ್ರು ಎಂಟು, ಗದಗಿನವ್ರು ಆರು, ನಾವು ಐದು..." ಬೆರಳು ಅಲ್ಲೇ ನಿಂತಿತು. "ನಾವು ನಾಕು."

ಅಷ್ಟೇ. ಅಲ್ಲೇ ಅಕ್ಕಿ ಚೀಲದ ಮೇಲೆ ಕೂತರು. ಆ ಅಳುವಿಗೆ ದನಿಯೇ ಇರಲಿಲ್ಲ.

ಅದಕ್ಕೇ ನನ್ನ ಉತ್ತರ ಇದು: ಕಷ್ಟದ ಹೊತ್ತಿನಲ್ಲಿ ಜನ ಅಳುವುದು ಕಡಿಮೆ. ಬಿಗಿ ಹಿಡಿದದ್ದನ್ನು ಬಿಡಬಹುದು ಅಂತ ಮೈಗೆ ಗೊತ್ತಾದಾಗ ಅಳುತ್ತಾರೆ. 1979ರಲ್ಲಿ ಎಫ್ರಾನ್ ಮತ್ತು ಸ್ಪ್ಯಾಂಗ್ಲರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ಇದಕ್ಕೆ ಹತ್ತಿರದ ಮಾತನ್ನೇ ಬರೆದಿದ್ದಾರೆ. ಮೊದಲು ಒತ್ತಡ ಏರುತ್ತದೆ, ಅದು ಇಳಿಯುವಾಗ ಕಣ್ಣೀರು ಬರುತ್ತದೆ ಅಂತ. ಕಣ್ಣೀರಿನ ಗ್ರಂಥಿಯನ್ನು ನಡೆಸುವುದೂ ಮುಖ್ಯವಾಗಿ ಮೈಯನ್ನು ಶಾಂತ ಮಾಡುವ ನರವ್ಯೂಹವೇ. ಇದನ್ನೆಲ್ಲ ಓದಿದ್ದು ಆಮೇಲೆ. ಮೊದಲು ಕಂಡದ್ದು ಅಕ್ಕಿ ಚೀಲದ ಮೇಲೆ.

ಗಂಡಸರ ಕಥೆ ಬೇರೆ. ಒಪ್ಪಿಸುವ ಹೊತ್ತಿಗೆ ಹುಡುಗಿಯ ಅಪ್ಪ ಎಲ್ಲಿರುತ್ತಾನೆ ಗೊತ್ತಾ? ಹಿತ್ತಲಲ್ಲಿ, ಬಾಡಿಗೆ ಪಾತ್ರೆ ಎಣಿಸುತ್ತಾ. ಗದಗಿನಲ್ಲಿ ಒಬ್ಬರು ಹಾಗೆ ಎಣಿಸಿ ಮುಗಿಸಿ ಪೆಂಡಾಲಿನವನ ಹತ್ತಿರ ಹೋದರು. ಕೈಯಲ್ಲಿದ್ದ ನೋಟು ಸಾಲದು ಅಂತ ಮುಖದಲ್ಲೇ ಕಾಣುತ್ತಿತ್ತು. ಜಗಳಕ್ಕೇ ತಯಾರಾಗಿ ಹೋಗಿದ್ದರು ಅನ್ನಿಸುತ್ತದೆ. ಅವನು, "ಇರ್ಲಿ ಬಿಡ್ರಿ ಕಾಕಾ, ಬಾಕಿ ಸಾವಕಾಶ ಕೊಡ್ರಿ" ಅಂದ. ಆ ಮನುಷ್ಯ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಿಂತುಬಿಟ್ಟರು. ಬೈದಿದ್ದರೆ ಖಂಡಿತ ಅಳುತ್ತಿರಲಿಲ್ಲ.

ಹುಬ್ಬಳ್ಳಿ ಸ್ಟೇಷನ್‌ನಲ್ಲೂ ಇದೇ. 1507 ಮೀಟರ್ ಪ್ಲಾಟ್‌ಫಾರ್ಮ್, 2023ರಲ್ಲಿ ಉದ್ಘಾಟನೆಯಾದದ್ದು, ಜಗತ್ತಿನಲ್ಲೇ ಉದ್ದ. ಕೆಲಸಕ್ಕೆ ದೂರ ಹೊರಟ ಮಗನ ಕಿಟಕಿಯ ಜೊತೆ ತಾಯಿ ಎಷ್ಟು ದೂರ ಬೇಕಾದರೂ ನಡೆಯಬಹುದು. ನಡೆಯುವಾಗ ಬುತ್ತಿಯ ಮಾತು, ಚಾರ್ಜರ್ ಮಾತು. ಅಳು ಬರುವುದು ರೈಲು ಹೋದ ಮೇಲೆ, ಬೆಂಚಿನ ಮೇಲೆ ಕೂತಾಗ.

ಕಣ್ಣಲ್ಲಿ ನೀರು ಬಂದದ್ದೆಲ್ಲ ಅಳುವಲ್ಲ ಬಿಡಿ. ಬ್ಯಾಡಗಿ ಮಾರುಕಟ್ಟೆಗೆ ಹೋಗಿ ನೋಡಿ. ಆ ಮೆಣಸಿನಕಾಯಿ ಬಣ್ಣಕ್ಕೆ ಹೆಸರಾದದ್ದು, ಖಾರ ಕಡಿಮೆಯೇ. ಆದರೂ ಅದರ ಘಾಟಿಗೆ ಸಾಹುಕಾರನಿಂದ ಹಮಾಲನವರೆಗೆ ಎಲ್ಲರ ಮೂಗು, ಕಣ್ಣು ಸೋರುತ್ತವೆ. ಗ್ರಂಥಿ ಅದೇ, ಕಾರಣ ಬೇರೆ. ಅಲ್ಲಿ ಯಾರೂ ಯಾರನ್ನೂ ಯಾಕೆ ಅಳ್ತೀಯಾ ಅಂತ ಕೇಳುವುದಿಲ್ಲ. ಅಳಬೇಕು ಅನ್ನಿಸಿದ ಗಂಡಸರಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ನನ್ನ ಅಳುವಿನ ವಿಷಯವನ್ನೂ ಕೇಳುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಒಮ್ಮೆ ಅತ್ತಿದ್ದೇನೆ. ಪಂಚಾಕ್ಷರಿ ಗವಾಯಿಗಳು, ಅವರ ನಂತರ 2010ರವರೆಗೆ ಪುಟ್ಟರಾಜ ಗವಾಯಿಗಳು ನಡೆಸಿದ ಜಾಗ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಕಣ್ಣು ಕಾಣದ ಎಷ್ಟೋ ಮಕ್ಕಳು ಅಲ್ಲಿ ಉಂಡು, ಇದ್ದು, ಸಂಗೀತ ಕಲಿತಿದ್ದಾರೆ. ನಾನು ಹೋದ ದಿನ ಹತ್ತು-ಹನ್ನೊಂದರ ಹುಡುಗನೊಬ್ಬ ವಚನ ಹಾಡುತ್ತಿದ್ದ. ಅಯ್ಯೋ ಪಾಪ ಅನ್ನಲು ನಾನು ಮನೆಯಿಂದಲೇ ಸಜ್ಜಾಗಿ ಹೋಗಿದ್ದೆ. ಆ ದನಿಗೆ ನನ್ನ ಪಾಪ ಬೇಕಿರಲಿಲ್ಲ. ಅದು ಗೊತ್ತಾದದ್ದೇ ತಡ, ಗಂಟಲು ಬಿಗಿದು ಬಂತು. ನಾನು ಮೂಗೇರಿಸಿದ ಸದ್ದು ಕೇಳಿ ಹುಡುಗ ಹಾಡು ನಿಲ್ಲಿಸಿದ. "ಯಾಕ್ರೀ ಸರ, ಶ್ರುತಿ ಬಿಟ್ಟೆನೇನ್ರಿ?" ಅಂದ.

ಹಾಂ, ರಾಣೆಬೆನ್ನೂರಿನ ತಾಯಿ. ಅಂದು ಅವರು ಅಕ್ಕಿ ಚೀಲದ ಮೇಲೆ ಕೂತಾಗ ಕ್ಯಾಮೆರಾ ಇನ್ನೂ ನನ್ನ ಹೆಗಲ ಮೇಲೇ ಇತ್ತು. ಕೆಳಗಿಳಿಸಿದೆ. ತಿಂಗಳಾದ ಮೇಲೆ ಅಲ್ಬಮ್ ಕೊಡಲು ಹೋದಾಗ ಅವರೇ ಕೇಳಿದರು.

"ಅವತ್ತ ಸಂಜಿಕ ಅಡಿಗಿ ಮನಿ ಹತ್ರ... ಅದೂ ಬಂದೈತೇನ್ ತಮ್ಮಾ?"

"ಇಲ್ರಿ ಅಕ್ಕಾರ. ಬ್ಯಾಟರಿ ಮುಗಿದಿತ್ತು."

ಅವರು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. "ಭಾಳ ಶಾಣ್ಯಾ ಬ್ಯಾಟರಿ ಬಿಡಪ್ಪ ನಿಂದು" ಅಂದು ಚಹಾಕ್ಕಿಡಲು ಒಳಗೆ ಹೋದರು.