ಮಳೆಮಾಪಕದ ದಾಖಲೆ: ಆರ್ದ್ರೆಯಿಂದ ಆಶ್ಲೇಷೆಯವರೆಗೆ

ಶಿರಸಿಯ ಸಮೀಪದ ನಮ್ಮ ಮನೆಯಂಗಳದಲ್ಲಿ ಆರ್ದ್ರಾ ಮಳೆ ಹಿಡಿದಂದು ಆರಂಭಿಸಿದ ಮಳೆ ಅಳೆಯುವ ಕೆಲಸ ಈಗ ಆಶ್ಲೇಷಾ ಮಳೆಯ ಕೊನೆಗೆ ಬಂದಿದ್ದು, ಈ ಎಂಟು ವಾರಗಳಲ್ಲಿ ಮೂರು ದಿನ ಮಾತ್ರ ತಪ್ಪಿದೆ.

ಕೈಬೆರಳು ಮತ್ತು ಮಣಿಕಟ್ಟುಗಳಲ್ಲಿ ರುಮಟಾಯ್ಡ್ ಸಂಧಿವಾತವಿರುವ ನನಗೆ ಬೆಳಗಿನ ಹೊತ್ತೇ ಕಷ್ಟದ್ದು. ಎದ್ದ ಒಂದು ತಾಸಿನವರೆಗೆ ಮುಷ್ಟಿ ಕಟ್ಟಲು ಬರುವುದಿಲ್ಲ. ಹಾಗಿದ್ದೂ ಅಳತೆಗೆ ಬೆಳಿಗ್ಗೆ 8.30ನ್ನೇ ಗೊತ್ತುಮಾಡಿಕೊಂಡೆ, ಏಕೆಂದರೆ ಹವಾಮಾನ ಇಲಾಖೆಯವರು ಹಿಂದಿನ 24 ತಾಸುಗಳ ಮಳೆಯನ್ನು ಲೆಕ್ಕ ಹಿಡಿಯುವುದು ಆ ಹೊತ್ತಿಗೆ. ಅಷ್ಟರೊಳಗೆ ಅಂಗಳಕ್ಕಿಳಿಯಬೇಕೆಂದರೆ ಏಳಕ್ಕೆ ಎದ್ದು, ಬಚ್ಚಲ ಹಂಡೆಯ ಬಿಸಿನೀರಿನಲ್ಲಿ ಕೈ ಅದ್ದಿಕೊಂಡು ಕುಳಿತು, ತಿಂಡಿ ಮುಗಿಸಿರಲೇಬೇಕು. ವೈದ್ಯರು ಎರಡು ವರ್ಷ ಹೇಳಿದರೂ ನಡೆಯದಿದ್ದ ಈ ಕ್ರಮ ಒಂದು ಡಬ್ಬಿಯ ನೆಪದಲ್ಲಿ ನಡೆಯಿತು.

ಉಪಕರಣ ಸರಳವಾದದ್ದು. 11.3 ಸೆಂ.ಮೀ. ವ್ಯಾಸದ ಆಲಿಕೆಯ ಬಾಯಿಯ ವಿಸ್ತೀರ್ಣ ಸುಮಾರು 100 ಚದರ ಸೆಂ.ಮೀ. ಆಗುವುದರಿಂದ, ಡಬ್ಬಿಯಲ್ಲಿ ಸಂಗ್ರಹವಾದ ಪ್ರತಿ 10 ಮಿಲಿಲೀಟರ್ ನೀರು 1 ಮಿಲಿಮೀಟರ್ ಮಳೆಗೆ ಸಮ. ಎರಡು ಲೀಟರಿನ ಡಬ್ಬಿ 200 ಮಿಲಿಮೀಟರಿನವರೆಗೆ ಸಾಕಾಗುತ್ತದೆ. ಸುತ್ತಲಿನ ಅಡಿಕೆ ಮರಗಳ ಹನಿ ಬೀಳದಂತೆ ಅದನ್ನು ಅಡಿಕೆ ಒಣಗಿಸುವ ಅಂಗಳದ ನಡುವೆ ಇಟ್ಟಿದ್ದೇನೆ. ಮೊದಲು ತಂದ ತಿರುಪಿನ ಮುಚ್ಚಳದ ಬಾಟಲಿಯನ್ನು ಬೆಳಿಗ್ಗೆ ಬಿಚ್ಚಲಾಗದೆ ಮಗನನ್ನು ಕರೆಯಬೇಕಾಗುತ್ತಿತ್ತು; ಆ ಅವಮಾನಕ್ಕಿಂತ ಮುಚ್ಚಳವಿಲ್ಲದ ಡಬ್ಬಿಯೇ ಲೇಸು. ಗಾಜಿನ ಅಳತೆ ಕೊಳವೆ ಮೂರನೆಯ ದಿನವೇ ಜಾರಿ ಒಡೆಯಿತು. ಈಗಿನ ಪ್ಲಾಸ್ಟಿಕ್ ಕೊಳವೆಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರಿಂದ ಹಿಡಿತ ಸಿಗುತ್ತದೆ.

ಮಳೆಯ ಅಂಕಿಯ ಪಕ್ಕದಲ್ಲಿ ಆ ದಿನ ಬೆರಳುಗಳ ಬಿಗಿತ ಎಷ್ಟು ನಿಮಿಷ ಇತ್ತೆಂಬುದನ್ನೂ ಬರೆಯುತ್ತ ಬಂದಿದ್ದೇನೆ. ಮಳೆ ಜೋರಾದಷ್ಟೂ ಗಂಟು ಹಿಡಿಯುತ್ತದೆಂದು ಮನೆಯಲ್ಲಿ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಆದರೆ 132 ಮಿಲಿಮೀಟರ್ ಸುರಿದ ದಿನ ಬಿಗಿತ 40 ನಿಮಿಷ, 4 ಮಿಲಿಮೀಟರ್ ಬಿದ್ದ ದಿನ ಒಂದೂವರೆ ತಾಸು. ಎರಡನೆಯದರ ಹಿಂದಿನ ಸಂಜೆ ನಾನು ಒಂದು ಬುಟ್ಟಿ ಹಲಸಿನ ಬೇಳೆ ಸುಲಿದಿದ್ದೆ. ಎಂಟು ವಾರದ ಲೆಕ್ಕವನ್ನು ಹೆಚ್ಚು ನೆಚ್ಚಬಾರದಾದರೂ, ನನ್ನ ಮಟ್ಟಿಗೆ ಮಳೆಗಿಂತ ಹಿಂದಿನ ದಿನದ ಕೆಲಸವೇ ಹೆಚ್ಚು ಕಾಡುವಂತಿದೆ.

ಸೋಮವಾರಗಳದ್ದು ಬೇರೆಯೇ ಕಥೆ. ನನ್ನ ಸಂಧಿವಾತದ ಮದ್ದಾದ ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ತೆಗೆದುಕೊಳ್ಳುವ ಮಾತ್ರೆ. ನನ್ನದು ಭಾನುವಾರ ರಾತ್ರಿ, ವೈದ್ಯರು ಸೂಚಿಸಿದ ಫೋಲಿಕ್ ಆಮ್ಲ ಬೇರೆ ದಿನ. ಮರುದಿನ ಓಕರಿಕೆ ಮತ್ತು ಆಯಾಸ ಇರುತ್ತವೆಂದು ತಿಳಿದೂ ಮೊದಲೆರಡು ಸೋಮವಾರ ನಕ್ಷೆ ಬಿಡಿಸುವ ಕೆಲಸವನ್ನೂ ಹಚ್ಚಿಕೊಂಡು ಸೋತೆ. ಈಗ ಸೋಮವಾರ ಅಳೆದು, ಬರೆದು, ಮಲಗುತ್ತೇನೆ. ತಪ್ಪಿದ ಮೂರು ದಿನ ಜ್ವರದವು. ನಾಲ್ಕನೆಯ ಬೆಳಿಗ್ಗೆ ಡಬ್ಬಿಯಲ್ಲಿದ್ದ ನೀರನ್ನು ನಾಲ್ಕೂ ದಿನಗಳ ಒಟ್ಟು ಮಳೆಯೆಂದು ಬರೆದೆನೇ ಹೊರತು ಹಂಚಿ ತುಂಬಿಸಲಿಲ್ಲ.

ಇನ್ನು ಡಬ್ಬಿಯನ್ನೆತ್ತಲು ಬಗ್ಗುವುದು ತಪ್ಪಬೇಕಾಗಿದೆ. ಸೊಂಟದೆತ್ತರಕ್ಕೆ ಅಡಿಕೆ ದಬ್ಬೆಯ ಅಟ್ಟಣಿಗೆಯೊಂದನ್ನು ಕಟ್ಟಿಕೊಡಲು ಮಗ ಒಪ್ಪಿದ್ದಾನೆ. ಮಳೆ ಹೊಳವಾದ ಕೂಡಲೇ ತೋಟದಲ್ಲಿ ಕೊಳೆರೋಗಕ್ಕೆ ಮದ್ದು ಹೊಡೆಯುವುದಿರುವುದರಿಂದ, ನನ್ನ ಸರದಿ ಅದರ ನಂತರ.