ಎಶರ್‌ಗೆ ಇಳಿದು ಹೋಗಬೇಡಿ, ಹತ್ತಿ ಹೋಗಿ

ಬಂಡೆಗೆ ಬೆನ್ನು ಒತ್ತಿಕೊಂಡು ನಿಂತ ಆ ಮರದ ಮನೆಯ ಫೋಟೋ ನೋಡದವರು ಕಡಿಮೆ. ಅದು ಸ್ವಿಟ್ಜರ್ಲೆಂಡಿನ ಅಪೆನ್‌ಝೆಲ್ ಸೀಮೆಯ ಎಶರ್, 1,454 ಮೀಟರ್ ಎತ್ತರದಲ್ಲಿರುವ ಬೆಟ್ಟದ ಊಟದ ಮನೆ. ಅಲ್ಲಿಂದ ಕೆಲವೇ ನಿಮಿಷ ನಡೆದರೆ ಗುಹೆಯೊಳಗಿನ ಪ್ರಾರ್ಥನಾ ಮಂದಿರ ವಿಲ್ಡ್‌ಕಿರ್ಖ್ಲಿ ಸಿಗುತ್ತದೆ. ಹೆಚ್ಚಿನವರು ಕೇಬಲ್ ಕಾರಿನಲ್ಲಿ ಎಬೆನಾಲ್ಪ್‌ಗೆ (1,640 ಮೀ) ಏರಿ, ಗುಹೆ ದಾಟಿ, ಎಶರ್‌ನಲ್ಲಿ ಊಟ ಮಾಡಿ, ಸೇಆಲ್ಪ್‌ಸೇ ಸರೋವರಕ್ಕೆ ಇಳಿದು ಮನೆಗೆ ಹೋಗುತ್ತಾರೆ. ಕೇಳಲು ಸುಲಭವಾದ ಯೋಜನೆ, ಆದರೆ ನನ್ನ ಪ್ರಕಾರ ತಲೆಕೆಳಗಾದದ್ದು.

ಎಶರ್‌ನಿಂದ ಸರೋವರಕ್ಕೆ ಒಂದೇ ಉಸಿರಿಗೆ 300 ಮೀಟರಿಗೂ ಹೆಚ್ಚು ಇಳಿಜಾರು. ಈ ಸೀಮೆಯ ಬೆಟ್ಟಸಾಲಾದ ಆಲ್ಪ್‌ಶ್ಟೈನ್‌ನದ್ದು ಸುಣ್ಣಕಲ್ಲು. ಸಾವಿರಾರು ಬೂಟುಗಳು ಉಜ್ಜಿ ನಯವಾದ ಆ ಕಲ್ಲು, ಮಳೆ ಬಿದ್ದರೆ ಸೋಪು ಹಚ್ಚಿದ ಬಚ್ಚಲುಮನೆಯಂತಾಗುತ್ತದೆ. ಇಳಿಯುವಾಗ ಮೈಯ ಭಾರವೆಲ್ಲ ಮುಂಗಾಲಿನ ಮೇಲೆ, ಮಂಡಿ ಆಗಲೇ ದಣಿದಿರುತ್ತದೆ, ಊಟದ ಮಂಪರು ಬೇರೆ. ಈ ಇಳಿಜಾರಿನಲ್ಲಿ ಜಾರಿ ಬಿದ್ದು ಸತ್ತವರಿದ್ದಾರೆ. ಅದೇ ದಾರಿಯನ್ನು ಹತ್ತಿದರೆ ಕಣ್ಣೆದುರೇ ಮುಂದಿನ ಹೆಜ್ಜೆ, ಕೈಗೆಟಕುವಲ್ಲೇ ಕಲ್ಲು. ಉಸಿರು ಕಟ್ಟಿದರೆ ನಿಂತರಾಯಿತು. ಇಳಿಯುವ ಕೆಲಸ ಕೇಬಲ್ ಕಾರಿಗೆ ಬಿಡಿ.

ರೈಲು ನಿಲ್ಲುವುದು ವಾಸೆರಾವೆನ್‌ನಲ್ಲಿ (868 ಮೀ). ಜ್ಯೂರಿಕ್‌ನಿಂದ ಗೊಸಾವ್‌ನಲ್ಲಿ ರೈಲು ಬದಲಿಸಿ, ಅಪೆನ್‌ಝೆಲ್ ದಾಟಿ ಬರಲು ಸುಮಾರು ಎರಡು ಗಂಟೆ. ನಿಲ್ದಾಣದ ಎದುರಿಗೇ ಕೇಬಲ್ ಕಾರು. ಹತ್ತುವ ಮೊದಲು ಅಲ್ಲಿ ಕೊನೆಯ ಇಳಿಗಾಡಿ ಎಷ್ಟು ಹೊತ್ತಿಗೆಂದು ನೋಡಿ, ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ತಿಂಗಳಿಂದ ತಿಂಗಳಿಗೆ ಅದು ಬದಲಾಗುತ್ತದೆ. ತಪ್ಪಿಸಿಕೊಂಡರೆ ಕತ್ತಲಲ್ಲಿ 770 ಮೀಟರ್ ಇಳಿಯಬೇಕು. ಸ್ವಿಸ್ ಟ್ರಾವೆಲ್ ಪಾಸ್ ರೈಲಿಗೆ ಪೂರ್ತಿ ನಡೆಯುತ್ತದೆ, ಕೇಬಲ್ ಕಾರಿಗೆ ಅರ್ಧ ಮಾತ್ರ. ವಸಂತದಲ್ಲೂ ಚಳಿಗಾಲದ ಮುನ್ನವೂ ದುರಸ್ತಿಗೆಂದು ಕೆಲವು ವಾರ ಗಾಡಿಯೇ ಇರುವುದಿಲ್ಲ. ಈ ದಾರಿಗೆ ಒಳ್ಳೆಯ ಕಾಲ ಜೂನ್ ನಡುವಿನಿಂದ ಅಕ್ಟೋಬರ್ ಮೊದಲರ್ಧ.

ಮೊದಲ ಗಂಟೆ ರಸ್ತೆ. ಸರೋವರದವರೆಗೆ (ಸುಮಾರು 1,140 ಮೀ) ಸಾಗುವ ಈ ಹಾದಿ ಚಂದವೇನಲ್ಲ, ಕಡಿದಾಗಿದೆ, ಆದರೆ ಅಪಾಯವಿಲ್ಲ. ಒಂಬತ್ತಕ್ಕೆ ಮೊದಲೇ ಹೊರಟರೆ ಸರೋವರದ ನೀರು ಅಲುಗಾಡದೆ ಹಿಂದಿನ ಸೆಂಟಿಸ್ ಶಿಖರವನ್ನು (2,502 ಮೀ) ತಲೆಕೆಳಗಾಗಿ ತೋರಿಸುತ್ತದೆ. ಹನ್ನೊಂದರ ಮೇಲೆ ಗಾಳಿ, ಜನ ಎರಡೂ ಬರುತ್ತವೆ. ದಡದ ಎರಡು ಅತಿಥಿಗೃಹಗಳ ಪೈಕಿ ಒಂದರಲ್ಲಿ ಕಾಫಿ ಕುಡಿದು, ಬಾಟಲಿ ತುಂಬಿಸಿಕೊಳ್ಳಿ. ತಲೆಗೆ ಒಂದೂವರೆ ಲೀಟರ್ ಬೇಕು. ಸುಣ್ಣಕಲ್ಲು ಮಳೆನೀರನ್ನೆಲ್ಲ ಕುಡಿದುಬಿಡುವುದರಿಂದ ಮೇಲಿನ ಏರಿನಲ್ಲಿ ಹಳ್ಳ ತೊರೆ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ದನಗಳ ತೊಟ್ಟಿಯ ಮೇಲೆ ‘ಕೈನ್ ಟ್ರಿಂಕ್‌ವಾಸರ್’ ಎಂದು ಬರೆದಿದ್ದರೆ ಅದು ಕುಡಿಯುವ ನೀರಲ್ಲ.

ದನಗಳ ಮಾತು ಬಂತು. ಕುತ್ತಿಗೆಯ ಗಂಟೆ ಎಷ್ಟೇ ಇಂಪಾಗಿರಲಿ, ಕರುವಿರುವ ಹಸುವಿನ ಹತ್ತಿರ ಸೆಲ್ಫಿಗೆ ಹೋಗಬೇಡಿ. ಮೈದಡವುವ ನಮ್ಮ ಅಭ್ಯಾಸ ಇಲ್ಲಿ ಬೇಡ. ತಂತಿಬೇಲಿಯ ಕೊಕ್ಕೆ ತೆರೆದು ದಾಟಿದವರೇ ಮತ್ತೆ ಹಾಕಬೇಕು. ತಂತಿಯಲ್ಲಿ ಕರೆಂಟು ಇರುತ್ತದೆ, ಪ್ಲಾಸ್ಟಿಕ್ ಹಿಡಿ ಮಾತ್ರ ಮುಟ್ಟಿ.

ಸರೋವರದಿಂದ ಎಶರ್‌ಗೆ ಹೋಗುವ ದಾರಿಗೆ ಬಿಳಿ-ಕೆಂಪು-ಬಿಳಿ ಗುರುತು. ಬರೀ ಹಳದಿ ಫಲಕವೆಂದರೆ ಸಾಮಾನ್ಯ ಕಾಲುದಾರಿ. ಕೆಂಪು ಬಂದರೆ ಬೆಟ್ಟದ ದಾರಿ, ಅಂದರೆ ಗಟ್ಟಿ ಅಡಿಯ ಬೂಟು, ತಲೆಸುತ್ತದ ಕಣ್ಣು ಎರಡೂ ಬೇಕು. ಬಿಳಿ-ನೀಲಿ-ಬಿಳಿ ಕಂಡರೆ ಬೇರೆಲ್ಲೋ ಬಂದಿದ್ದೀರಿ, ಹಿಂದಿರುಗಿ. ಫಲಕದಲ್ಲಿ ಬರೆದಿರುವ ಸಮಯ ಸಮತಟ್ಟಿನಲ್ಲಿ ಗಂಟೆಗೆ ಸುಮಾರು 4 ಕಿಲೋಮೀಟರ್ ನಡೆಯುವವರದು, ವಿಶ್ರಾಂತಿ ಸೇರಿಸಿದ್ದಲ್ಲ. ಅಭ್ಯಾಸವಿಲ್ಲದವರು ಅದಕ್ಕೆ ಮೂರನೇ ಒಂದು ಭಾಗ ಕೂಡಿಸಿಕೊಳ್ಳಿ. ಈ ಏರಿಗೆ ಒಂದೂಕಾಲು ಗಂಟೆ ಇಟ್ಟುಕೊಂಡರೆ ಗಡಿಬಿಡಿಯಿಲ್ಲ. ಕಡಿದಾದ ಕಡೆ ಉಕ್ಕಿನ ಹಗ್ಗ ಕಟ್ಟಿದ್ದಾರೆ. ಅಲ್ಲಿ ಊರುಗೋಲು ಮಡಚಿ ಚೀಲಕ್ಕೆ ಸಿಕ್ಕಿಸಿ, ಕೈ ಖಾಲಿ ಇರಲಿ. ಮೇಲಿನಿಂದ ಬರುವವರಿಗೆ ದಾರಿ ಬಿಡುವಾಗ ಬೆಟ್ಟದ ಕಡೆ ನಿಲ್ಲಿ, ಕಮರಿಯ ಕಡೆ ಅಲ್ಲ. ದಿನದ ಒಟ್ಟು ಏರು 770 ಮೀಟರ್, ಕುಕ್ಕೆಯಿಂದ ಕುಮಾರಪರ್ವತ ಹತ್ತುವುದರ ಅರ್ಧದಷ್ಟು. ಮನೆಯವರನ್ನು ಒಪ್ಪಿಸಲು ಈ ಲೆಕ್ಕ ಸಾಕು.

ಎಶರ್ ಅಂದರೆ ಊಟ. ಆಲೂಗಡ್ಡೆಯ ರ‍್ಯೋಸ್ಟಿ ಸಸ್ಯಾಹಾರವೇ ಎಂದುಕೊಂಡು ಆರ್ಡರ್ ಮಾಡುವವರು ಬಹಳ. ಅದರಲ್ಲಿ ಹಂದಿಮಾಂಸದ ಚೂರು ಇರಬಹುದು. ‘ಓನೆ ಶ್ಪೆಕ್, ಓನೆ ಫ್ಲೈಶ್’ (ಹಂದಿಮಾಂಸ ಬೇಡ, ಯಾವ ಮಾಂಸವೂ ಬೇಡ) ಎಂದು ಹೇಳಿ, ಮೊಟ್ಟೆ ಬೇಡವಾದರೆ ‘ಓನೆ ಐ’. ಮ್ಯಾಕರೋನಿ, ಆಲೂಗಡ್ಡೆ, ಚೀಸ್, ಕೆನೆ ಸೇರಿದ ಎಲ್ಪ್ಲರ್‌ಮಾಗ್ರೋನೆನ್‌ಗೂ ಇದೇ ಎಚ್ಚರ. ಇಲ್ಲಿನ ಸಾಂಪ್ರದಾಯಿಕ ಚೀಸ್ ಕರುವಿನ ಹೊಟ್ಟೆಯ ರೆನೆಟ್‌ನಿಂದ ಹೆಪ್ಪುಗಟ್ಟಿದ್ದು. ಕಟ್ಟುನಿಟ್ಟಿನವರು ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಬರುವುದೇ ವಾಸಿ. ಆದರೆ ಅದನ್ನು ಎಶರ್‌ನ ಮೇಜಿನ ಮೇಲೆ ಬಿಚ್ಚಬೇಡಿ, ಸರೋವರದ ದಡದ ಕಲ್ಲಿನ ಮೇಲೆ ಮುಗಿಸಿ. ಹಾಗೆಯೇ, ಇಲ್ಲಿ ನೀರೂ ಶೌಚಾಲಯವೂ ಮಿತ. ಜನಜಂಗುಳಿ ತಡೆಯಲಾಗದೆ 2018ರಲ್ಲಿ ಆಗಿನ ಗುತ್ತಿಗೆದಾರರು ಈ ಮನೆಯನ್ನೇ ಬಿಟ್ಟುಕೊಟ್ಟರು. ಹನ್ನೊಂದೂವರೆಯೊಳಗೆ ಕುಳಿತರೆ ಜಾಗ ಸಿಗುತ್ತದೆ, ಒಂದು ಗಂಟೆಗೆ ಬಂದರೆ ಸಾಲು.

ವಿಲ್ಡ್‌ಕಿರ್ಖ್ಲಿಯ ಗುಹೆಯಲ್ಲಿ 1621ರಲ್ಲಿ ಕಾಪುಚಿನ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿ ಫಿಲಿಪ್ ಟಾನರ್ ಪೂಜೆ ನಡೆಸಿದರು. 1658ರಲ್ಲಿ ಪೌಲುಸ್ ಉಲ್ಮನ್ ಎಂಬ ಪಾದ್ರಿ ಬಂದು ವಿರಕ್ತರಾಗಿ ನೆಲೆಸಿದರು. ಅವರ ನಂತರ 1853ರವರೆಗೂ ಒಬ್ಬರಾದ ಮೇಲೊಬ್ಬರು ವಿರಕ್ತರು ಇಲ್ಲಿದ್ದರು. ಅವರಿಗೂ ಎಷ್ಟೋ ಹಿಂದಿನ ವಾಸಿಗಳ ಸುಳಿವು ಸಿಕ್ಕಿದ್ದು 1904ರಲ್ಲಿ ಸಂಶೋಧಕ ಎಮಿಲ್ ಬೆಖ್ಲರ್ ಅಗೆಯತೊಡಗಿದಾಗ: ಗುಹಾಕರಡಿಯ ಎಲುಬುಗಳು, ನಿಯಾಂಡರ್ತಾಲ್ ಮಾನವರ ಕಲ್ಲಿನ ಉಪಕರಣಗಳು. ಮಂದಿರದಲ್ಲಿ ಇರುವುದು ಒಂದು ಬಲಿಪೀಠ, ಕೆಲವು ಬೆಂಚು, ಮೇಲೆ ಬಂಡೆಯ ಚಾವಣಿ, ಅಷ್ಟೆ. ಅಷ್ಟೇ ಇರುವುದರಿಂದಲೇ ಚಂದ. ಜುಲೈನ ಎರಡನೆಯ ಭಾನುವಾರ ಇಲ್ಲಿ ಕಾವಲು ದೇವದೂತರ ಹಬ್ಬದ ಪೂಜೆ; ಯೋಡೆಲ್ ಎಂಬ ಆಲ್ಪ್ಸ್ ಬೆಟ್ಟದ ಹಾಡು ಕೇಳಬೇಕೆಂದರೆ ಅಂದೇ ಬನ್ನಿ, ಮೌನ ಬೇಕೆಂದರೆ ಅಂದು ಬಿಟ್ಟು ಬನ್ನಿ.

ಮುಂದಿನ ದಾರಿ ಗುಹೆಯ ಒಳಗಿನಿಂದಲೇ. ನೆಲ ಯಾವಾಗಲೂ ಒದ್ದೆ, ಬೆಳಕು ಮಂಕು. ತಂಪು ಕನ್ನಡಕ ತೆಗೆದು ಫೋನಿನ ಟಾರ್ಚ್ ಹಚ್ಚಿ, ಕಂಬಿ ಹಿಡಿದು ನಡೆಯಿರಿ. ಹೊರಗೆ ಬಂದ ಮೇಲೆ ಇಪ್ಪತ್ತು ನಿಮಿಷದ ಏರು, ಎಬೆನಾಲ್ಪ್.

ಜುಲೈ-ಆಗಸ್ಟಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕವಿಯುವುದು ಸಾಮಾನ್ಯ. ಬೆಳಿಗ್ಗೆ ಸರೋವರದ ಬಳಿಯೇ ಮಳೆ ಹಿಡಿದರೆ ಮೇಲೆ ಹೋಗಬೇಡಿ: ಅದೇ ರಸ್ತೆಯಲ್ಲಿ ವಾಪಸ್ ಬಂದು ಗಾಡಿಯಲ್ಲಿ ಎಬೆನಾಲ್ಪ್ ಏರಿ, ಮೇಲಿನಿಂದ ಗುಹೆ, ಎಶರ್ ನೋಡಿ ಬಂದ ದಾರಿಯಲ್ಲೇ ಮರಳಿ. ಇಳಿದು ಹತ್ತುವುದು 186 ಮೀಟರ್ ಮಾತ್ರ. ಊರಿಂದ ಬಂದ ಅಪ್ಪ-ಅಮ್ಮನಿಗೂ ಚಿಕ್ಕ ಮಕ್ಕಳಿಗೂ ಒಣ ದಿನದಲ್ಲೂ ಇದೇ ಸರಿ, ಆದರೆ ಅಮ್ಮನ ಕಾಲಿಗೆ ಚಪ್ಪಲಿ ಬೇಡ, ಬೂಟು ಹಾಕಿಸಿ. ಅವಘಡವಾದರೆ ರೇಗಾ ಎಂಬ ರಕ್ಷಣಾ ಹೆಲಿಕಾಪ್ಟರ್ ಸೇವೆಯ ಸಂಖ್ಯೆ 1414.