ಒರ್ಟೋನಾ ಡಯೊರಾಮಾ: ಕೊನೆಗೂ ತೂತು ಬಿತ್ತು

ಬಿತ್ತು! ನಿನ್ನೆ ರಾತ್ರಿ ಹನ್ನೊಂದೂವರೆಗೆ, ಪೆನ್ಸಿಲ್ ತುಂಡಿನ ಮೇಲೆ ಪುಟ್ಟ ಸುತ್ತಿಗೆಯಿಂದ ಮೂರನೇ ಏಟು ಹಾಕಿದಾಗ, ಇಟ್ಟಿಗೆಗಳು ಪುಳಪುಳನೆ ಆಚೆ ಕೋಣೆಗೆ ಉದುರಿದವು. ಒಂದು ತೂತಿಗೆ ನಾಲ್ಕು ತಿಂಗಳು, ಮೂರು ಗೋಡೆ. ಮೊದಲೆರಡು ಗೋಡೆಗಳು ಹಿತ್ತಲಿನ ಕರಿಬೇವಿನ ಬುಡ ಸೇರಿವೆ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ಡಯೊರಾಮಾ ಅಂದರೆ ಒಂದು ದೃಶ್ಯದ ಪುಟ್ಟ ಮಾದರಿ. 1:35 ಅಳತೆಯಲ್ಲಿ, ಅಂದರೆ ನಿಜದ ಮೂವತ್ತೈದರಲ್ಲೊಂದು ಪಾಲಿನಲ್ಲಿ, ನಾನು ಮಾಡುತ್ತಿರುವುದು ಎರಡನೇ ಮಹಾಯುದ್ಧದ, 1943ರ ಡಿಸೆಂಬರಿನ ಒರ್ಟೋನಾ. ಇಟಲಿಯ ಪೂರ್ವ ಕರಾವಳಿಯ ಆ ಪುಟ್ಟ ಬಂದರು ಊರನ್ನು ಜರ್ಮನ್ ಪ್ಯಾರಾಟ್ರೂಪರುಗಳಿಂದ ಮನೆಮನೆಯಾಗಿ ಬಿಡಿಸಿಕೊಂಡದ್ದು ಕೆನಡಾದ ಲಾಯಲ್ ಎಡ್ಮಂಟನ್ ರೆಜಿಮೆಂಟ್ ಮತ್ತು ಸೀಫೋರ್ತ್ ಹೈಲ್ಯಾಂಡರ್ಸ್. ಡಿಸೆಂಬರ್ 20ಕ್ಕೆ ಊರಂಚು ಮುಟ್ಟಿದವರು 28ರ ಬೆಳಿಗ್ಗೆ ನೋಡಿದರೆ ಜರ್ಮನ್ನರು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದರು. ನನ್ನ ಡಯೊರಾಮಾದಲ್ಲಿ ಬೀದಿ ಇಲ್ಲ, ಟ್ಯಾಂಕ್ ಇಲ್ಲ. ಅಕ್ಕಪಕ್ಕದ ಎರಡು ಮನೆಗಳ ಮೇಲಂತಸ್ತು, ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ತೂತು, ಎಡಗಡೆ ನಾಲ್ವರು ಎಡ್ಮಂಟನ್ ಸಿಪಾಯಿಗಳು. ನಾಟಕದ ರಂಗದ ಹಾಗೆ ಮುಂಭಾಗ ತೆರೆದಿರುತ್ತದೆ.

ಟ್ಯಾಂಕ್ ಯಾಕಿಲ್ಲ ಎಂದು ಕಳೆದ ಸಲ ಇಬ್ಬರು ಕೇಳಿದ್ದರು. ಥ್ರೀ ರಿವರ್ಸ್ ರೆಜಿಮೆಂಟಿನ ಶರ್ಮನ್ ಟ್ಯಾಂಕ್‌ಗಳು ಅಲ್ಲಿದ್ದವು, ಚೆನ್ನಾಗಿಯೇ ಹೋರಾಡಿದವು. ಆದರೆ ಜರ್ಮನ್ನರು ಅಡ್ಡಬೀದಿಯ ಮನೆಗಳನ್ನು ತಾವೇ ಸ್ಫೋಟಿಸಿ ಕಲ್ಲುರಾಶಿಯ ಅಡ್ಡಗಟ್ಟೆ ಮಾಡಿದ್ದರು. ಬಿಟ್ಟದ್ದು ಮುಖ್ಯರಸ್ತೆ ಒಂದೇ, ಅದರ ಮೇಲೆ ಎರಡೂ ಕಡೆಯ ಕಿಟಕಿಗಳಿಂದ ಬಂದೂಕು ಗುರಿಯಿಟ್ಟಿತ್ತು. ಬೀದಿಗೆ ಕಾಲಿಟ್ಟವನು ಸತ್ತ. ಹಾಗಾಗಿ ಎಡ್ಮಂಟನ್‌ನವರು ಬೀದಿಯನ್ನೇ ಬಿಟ್ಟರು. ಕ್ಯಾಪ್ಟನ್ ಬಿಲ್ ಲಾಂಗ್‌ಹರ್ಸ್ಟ್ ಎಂಬ ಕಂಪನಿ ಕಮಾಂಡರ್ ಹೆಸರು ಇಲ್ಲಿ ಬರುತ್ತದೆ. ಸಾಲುಮನೆಗಳಿಗೆ ಗೋಡೆ ಒಂದೇ ತಾನೆ? ಮೇಲಂತಸ್ತಿನಲ್ಲಿ ಪಕ್ಕದ ಮನೆಯ ಗೋಡೆಗೆ ಸಿಡಿಮದ್ದು ಇಟ್ಟು, ಕೆಳಗಿಳಿದು ಮರೆಯಲ್ಲಿ ಕೂತು ಸಿಡಿಸುವುದು. ಧೂಳು ಇಳಿಯುವ ಮೊದಲೇ ಗ್ರೆನೇಡ್ ಎಸೆದು ನುಗ್ಗುವುದು. ಅಲ್ಲಿಂದ ಮೆಟ್ಟಿಲಿಳಿಯುತ್ತ ಮನೆ ಬಿಡಿಸಿಕೊಳ್ಳುವುದು. ಮತ್ತೆ ಮೇಲೆ ಹತ್ತಿ ಮುಂದಿನ ಗೋಡೆ. ಮೌಸ್‌ಹೋಲಿಂಗ್ ಅಂತಾರೆ, ನಾನು ಇಲಿಬಿಲ ಅಂತೀನಿ.

ಅಂದಮೇಲೆ ಇಡೀ ಕಥೆ ಆ ತೂತಿನಲ್ಲೇ ಇದೆ. ತೂತು ಸುಳ್ಳಾದರೆ ಎಲ್ಲವೂ ಸುಳ್ಳು.

ಮೊದಲ ಗೋಡೆಯನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಲ್ಲಿ ಎರಕ ಹೊಯ್ದೆ, 6 ಮಿಮೀ ದಪ್ಪ. ಕೊರೆದು, ಅಂಚು ಕೆತ್ತಿ, ಬಣ್ಣ ಹಚ್ಚಿದರೆ ಎಸಿ ಪೈಪಿಗೆ ಬಿಟ್ಟ ಕಿಂಡಿಯ ಹಾಗೆ ಕಂಡಿತು. ಲೆಕ್ಕ ಹಾಕಿದರೆ 6 ಮಿಮೀ ಅಂದರೆ ನಿಜದಲ್ಲಿ 21 ಸೆಂಟಿಮೀಟರ್. ಹಳೇ ಊರಿನ ಮೂರಂತಸ್ತಿನ ಮನೆಗೆ ಅದು ಯಾವ ಗೋಡೆ? ಎರಡನೆಯದನ್ನು 14 ಮಿಮೀ ಮಾಡಿದೆ, ಅಂದರೆ ನಿಜದಲ್ಲಿ ಅರ್ಧ ಮೀಟರ್. ಈ ಸಲ ಕೊರೆಯುವುದು ಬೇಡ, ಒಡೆಯೋಣ ಎಂದು ಉಳಿಯಿಟ್ಟು ಏಟು ಹಾಕಿದೆ. ಮೇಲಿಂದ ಕೆಳಗೆ ಒಂದೇ ಗೆರೆ ಬಿರಿದು ಬಿಸ್ಕತ್ತಿನಂತೆ ಎರಡು ಹೋಳು. ಮತ್ತೆ ಎರಕ ಹೊಯ್ದರೂ ಅದೇ. ಪ್ಲಾಸ್ಟರಿಗೆ ತಾನು ಇಟ್ಟಿಗೆ ಎಂದು ಗೊತ್ತಿಲ್ಲವಲ್ಲ, ಮೇಲೆ ಗೀರಿದ ಸಂದುಗಳಿಗೆ ಅದು ಬೆಲೆಯನ್ನೇ ಕೊಡುವುದಿಲ್ಲ.

ಇದರ ನಡುವೆ ಸಾಮಾನಿನ ಗೋಳು. ಬೊಂಬೆಗಳ ರೆಸಿನ್ ಸೆಟ್ ಕಸ್ಟಮ್ಸ್‌ನಲ್ಲಿ ಐದು ವಾರ ಕೂತಿತು. ಸುಂಕ ಕಟ್ಟಿ ಬಿಡಿಸಿಕೊಂಡು ಬಿಚ್ಚಿದರೆ ಮೈ ನಾಲ್ಕು, ತಲೆ ಎರಡು! ಅಂಗಡಿಯವರಿಗೆ ಮೂರು ಇಮೇಲ್ ಹಾಕಿದ ಮೇಲೆ ‘ಕಳಿಸುತ್ತೇವೆ’ ಎಂದು ಒಂದು ಸಾಲು ಬಂತು, ತಲೆ ಬರಲಿಲ್ಲ. ಬಣ್ಣದ ವಿಷಯದಲ್ಲಂತೂ ಸಿಟ್ಟೇ ಬಂತು. ಕೆನಡಾದಲ್ಲಿ ಹೊಲಿದ ಸಿಪಾಯಿ ಸಮವಸ್ತ್ರ, ಬ್ಯಾಟಲ್‌ಡ್ರೆಸ್ ಬ್ರಿಟಿಷರದಕ್ಕಿಂತ ಹಸಿರು. ಬ್ರಿಟಿಷ್ ಸಿಪಾಯಿಯ ಪಕ್ಕ ನಿಲ್ಲಿಸಿದರೆ ದೂರದಿಂದಲೇ ತಿಳಿಯುತ್ತದೆ. ಅದನ್ನು ಬಿಡಿಸಿ ಬರೆದೇ ಆರ್ಡರ್ ಮಾಡಿದ್ದೆ. ಬಂದದ್ದು ಎರಡು ಬಾಟಲಿ ಖಾಕಿ, ಒಂದರಲ್ಲಿ ಬಣ್ಣ ಒಣಗಿ ಬೆಲ್ಲದಚ್ಚಿನ ಹಾಗೆ ತಳ ಹಿಡಿದಿತ್ತು. ಕೊನೆಗೆ ನಾನೇ ಕಂದುಹಸಿರಿನ ಆಲಿವ್ ಡ್ರ್ಯಾಬ್‌ಗೆ ಖಾಕಿ ಬೆರೆಸಿ, ಹನಿ ಹನಿ ಲೆಕ್ಕ ಬರೆದಿಟ್ಟುಕೊಂಡೆ. ಐದಕ್ಕೆ ಎರಡು, ಮೇಲೊಂದು ಹನಿ ಹಳದಿ. ಬೇಕಾದವರು ಬಳಸಿಕೊಳ್ಳಿ.

ಗೋಡೆಯ ಗೋಜಲಿಗೆ ದಾರಿ ಸಿಕ್ಕಿದ್ದು ಮೈಸೂರಿನ ನಮ್ಮ ಬೀದಿಯ ಕೊನೆಯಲ್ಲೇ. ಅಲ್ಲೊಂದು ಹಳೇ ಗಾರೆಮನೆ ಕೆಡವುತ್ತಿದ್ದರು. ಹಾಲು ತರಲು ಹೋದವನು ಅಲ್ಲೇ ನಿಂತುಬಿಟ್ಟೆ. ಅರ್ಧ ಉರುಳಿದ ಗೋಡೆಯ ಹೊಟ್ಟೆ ಕಾಣುತ್ತಿತ್ತು. ಹೊರಗೊಂದು ಸಾಲು ಒಳ್ಳೆ ಇಟ್ಟಿಗೆ, ಒಳಗೊಂದು ಸಾಲು, ನಡುವೆ ಒಡಕು ಇಟ್ಟಿಗೆ, ಬೆಣಚುಕಲ್ಲು, ಸುಣ್ಣ, ಮಣ್ಣು, ಸಿಕ್ಕಿದ್ದೆಲ್ಲ. ನಾನು ಬಗ್ಗಿ ಬಗ್ಗಿ ಫೋಟೋ ತೆಗೆಯುವುದನ್ನು ಕಂಡು ಹಾರೆ ಹಿಡಿದಿದ್ದ ಮೇಸ್ತ್ರಿ, "ಏನ್ ಸಾರ್, ನಿಧಿ ಗಿಧಿ ಕಂಡ್ತಾ?" ಅಂದರು. ಗೋಡೆಗೆ ತೂತು ಹೇಗೆ ಬೀಳುತ್ತೆ ಅಂತ ನೋಡಬೇಕಿತ್ತು ಅಂದೆ. ಅವರು ನಗಲಿಲ್ಲ. ನಿಂತಿದ್ದ ಗೋಡೆಯ ನಡುಮಧ್ಯಕ್ಕೆ ನಾಲ್ಕು ಸಲ ಹಾರೆ ಹಾಕಿದರು. ಒಂದು ಇಟ್ಟಿಗೆ ಒಳಗೆ ಹೋಯಿತು, ಅದರ ಮೇಲಿನ ಎರಡು ಜಾರಿದವು, ಅವುಗಳ ಮೇಲಿನದೊಂದು ಇಳಿಯಿತು. ಅಷ್ಟಕ್ಕೇ ನಿಂತಿತು. "ಮೇಲಿಂದು ಪೂರ್ತಿ ಬೀಳಲ್ಲ ಸಾರ್. ತಾನೇ ಕಮಾನು ಕಟ್ಕೊಳ್ಳುತ್ತೆ."

ಆ ಒಂದು ಮಾತಿಗೆ ನಾನು ಅವರಿಗೆ ಋಣಿ. ನನ್ನ ತೂತುಗಳೆಲ್ಲ ಇಷ್ಟು ದಿನ ದುಂಡಗಿದ್ದವು. ನಿಜವಾದದ್ದು ಕೆಳಗೆ ಅಗಲ, ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಕಿರಿದು, ಗೋಪುರದ ನೆರಳಿನ ಹಾಗೆ.

ಮನೆಗೆ ಬಂದವನು ಮೂರನೇ ಗೋಡೆಯನ್ನು ಗೋಡೆ ಕಟ್ಟುವ ಹಾಗೆಯೇ ಕಟ್ಟಿದೆ. ಪ್ಲಾಸ್ಟರಿನ ತೆಳು ಹಲಗೆ ಎರೆದು, ಬ್ಲೇಡಿನಿಂದ 7 ಮಿಮೀ ಉದ್ದದ ಇಟ್ಟಿಗೆ ಕತ್ತರಿಸಿದೆ, ಸುಮಾರು 1,100. ಕಾಫಿ ಡಿಕಾಕ್ಷನ್, ಕಾವಿ, ಅರಿಶಿನ, ಮೂರು ಬಟ್ಟಲಲ್ಲಿ ಅದ್ದಿದ್ದರಿಂದ ಒಂದರ ಹಾಗೆ ಇನ್ನೊಂದಿಲ್ಲ. ಎರಡು ಮುಖ ಬೇರೆ ಬೇರೆ, ನಡುವೆ ಜರಡಿ ಹಿಡಿದ ಮಣ್ಣು, ಸುಣ್ಣದ ಪುಡಿ, ಚೂರು. ಗುಟ್ಟಿರುವುದು ಅಂಟಿನಲ್ಲಿ. ಒಂದು ಪಾಲು ಫೆವಿಕಾಲ್‌ಗೆ ಆರು ಪಾಲು ನೀರು, ತೂತು ಬೀಳುವ ಜಾಗದಲ್ಲಿ ಹತ್ತು ಪಾಲು. ಗಟ್ಟಿ ಅಂಟು ಹಾಕಿದರೆ ಮತ್ತೆ ಬಿಸ್ಕತ್ತು. ಎರಡು ದಿನ ಒಣಗಿಸಿ, ಎಡಗಡೆಯಿಂದ ಪೆನ್ಸಿಲ್ ಒತ್ತಿ ಏಟು ಹಾಕಿದೆ. ದಿಕ್ಕು ಮುಖ್ಯ. ಎಡ್ಮಂಟನ್‌ನವರು ಎಡಗಡೆಯಿಂದ ಬಂದವರು, ಹಾಗಾಗಿ ಎಡಗಡೆ ಮಸಿ, ಸಣ್ಣ ಗುಳಿ. ರಾಶಿಯೆಲ್ಲ ಬಲಗಡೆ ಕೋಣೆಯ ನೆಲದ ಮೇಲೆ. ಬಿದ್ದ ಇಟ್ಟಿಗೆ ಒಂದನ್ನೂ ಕೈಯಿಂದ ಸರಿಸಿಲ್ಲ, ಬಿದ್ದಲ್ಲೇ ಡ್ರಾಪರಿನಿಂದ ಅಂಟು ಬಿಟ್ಟೆ. ತೂತಿನ ಅಗಲ 22 ಮಿಮೀ, ನಿಜದಲ್ಲಿ ಮುಕ್ಕಾಲು ಮೀಟರಿಗೆ ಸ್ವಲ್ಪ ಹೆಚ್ಚು. ಬೆನ್ನ ಮೇಲೆ ಸಾಮಾನಿರುವವನು ಬಗ್ಗಿ ನುಸುಳಬೇಕಾದಷ್ಟೇ.

ಧೂಳಿಗೆ ಹತ್ತಿ ಹಿಂಜಿ ಇಟ್ಟು ನೋಡಿದೆ, ಹತ್ತಿಯ ಹಾಗೆಯೇ ಕಂಡಿತು, ತೆಗೆದೆ. ಗಾಳಿಯಲ್ಲಿ ಧೂಳು ಬೇಡ, ಮೈಮೇಲೆ ಇರಲಿ. ಡಿಸೆಂಬರಿನ ಮಳೆಗೆ ಊರಾಚೆಯ ನೆಲವೆಲ್ಲ ಕೆಸರು, ಮನೆಯೊಳಗೆ ಸುಣ್ಣದ ಧೂಳು. ಆದ್ದರಿಂದ ಮೊಣಕಾಲಿನ ತನಕ ಕಂದು ಕೆಸರು, ಹೆಗಲು ಹೆಲ್ಮೆಟ್ಟಿನ ಮೇಲೆ ಬೂದುಬಿಳಿ. ಬ್ರೆನ್ ಎಂಬ ಲಘು ಮೆಷಿನ್ ಗನ್ನಿನವನ ತೋಳಿನ ಕೆಂಪು ಪಟ್ಟಿಯ ಮೇಲೆ ಈ ಬಿಳಿ ಕೂತಾಗ ಅದು ಎಷ್ಟು ಚೆನ್ನಾಗಿ ಕಂಡಿತೆಂದರೆ, ಬ್ರಷ್ ಕೆಳಗಿಟ್ಟು ಸುಮ್ಮನೆ ನೋಡುತ್ತ ಕೂತೆ. ಒಂದನೇ ಕೆನಡಿಯನ್ ಡಿವಿಷನ್ನಿನ ಗುರುತು ಅದು, ಅಕ್ಷರವಿಲ್ಲ, ಚಿತ್ರವಿಲ್ಲ, ಬರೀ ಕೆಂಪು ಆಯತ. ಇವನ ಕೈಯಲ್ಲಿ ಬ್ರೆನ್, ಮುಂದಿನವನಿಗೆ ಥಾಂಪ್ಸನ್ ಸಬ್‌ಮೆಷಿನ್ ಗನ್. ಬ್ರಿಟಿಷರ ಸ್ಟೆನ್ ಗನ್ ಕೊಡಬೇಡಿ, ಇಟಲಿಯಲ್ಲಿ ಇವರ ಕೈಯಲ್ಲಿದ್ದದ್ದು ಥಾಂಪ್ಸನ್.

ಗೋಡೆ ಒಣಗುವಾಗ ಕೈ ಸುಮ್ಮನಿರಲಿಲ್ಲ, ಮುಂದಿನದಕ್ಕೆ ಗೆರೆ ಎಳೆದಿದ್ದೇನೆ. ಒರ್ಟೋನಾಗೆ ಮೊದಲು ಮೋರೋ ನದಿ ದಾಟಬೇಕಿತ್ತು. ಅಲ್ಲಿ ಕೆನಡಾದವರ ಎಡಮಗ್ಗುಲಿಗೆ ಇದ್ದದ್ದು ನಮ್ಮ 8ನೇ ಇಂಡಿಯನ್ ಡಿವಿಷನ್. ಈಚೆ ದಡದಲ್ಲಿ ರಸ್ತೆ ನೀರಿನ ಹತ್ತಿರವೇ ಥಟ್ಟನೆ ತಿರುಗುತ್ತಿತ್ತು, ಉಕ್ಕಿನ ಪ್ಯಾನೆಲ್ ಕೂಡಿಸಿ ಕಟ್ಟುವ ಬೈಲಿ (Bailey) ಸೇತುವೆಯನ್ನು ಜೋಡಿಸಿ ಮುಂದಕ್ಕೆ ತಳ್ಳಲು ಜಾಗವಿಲ್ಲ. ನಮ್ಮ ಸ್ಯಾಪರುಗಳು, ಅಂದರೆ ಸೇನೆಯ ಎಂಜಿನಿಯರ್ ಸಿಪಾಯಿಗಳು, ಸಾಮಾನನ್ನು ಆಚೆ ದಡಕ್ಕೆ, ಶತ್ರುವಿನ ಕಡೆಗೆ, ಸಾಗಿಸಿ ಅಲ್ಲಿಂದ ಈಚೆಗೆ ಹಿಮ್ಮುಖವಾಗಿ ಸೇತುವೆ ಕಟ್ಟಿದರು. ಅದಕ್ಕೆ ‘ಅಸಾಧ್ಯ ಸೇತುವೆ’ ಎಂದೇ ಹೆಸರು ಬಿತ್ತು. 1:72ರಲ್ಲಿ ಮಾಡುತ್ತೇನೆ. ಬೈಲಿಯ ಪ್ಯಾನೆಲ್‌ಗಳನ್ನು ಹಿತ್ತಾಳೆ ಹಾಳೆಯಲ್ಲಿ ಎಚಿಂಗ್ (ರಾಸಾಯನಿಕದಿಂದ ಕೊರೆಯುವುದು) ಮಾಡಿಕೊಡುವವರು ಗೊತ್ತಿದ್ದರೆ ಹೇಳಿ. ಇಲ್ಲಿ ಒಬ್ಬರನ್ನು ಕೇಳಿದೆ, ಐನೂರು ತುಂಡಿಗೆ ಕಮ್ಮಿ ಆದರೆ ಆಗಲ್ಲ ಅಂದರು.

ಬಲಗಡೆ ಕೋಣೆಯಲ್ಲಿ ಯಾರನ್ನಿಡುತ್ತೀರಿ ಎಂಬ ಪ್ರಶ್ನೆಗೆ ನನ್ನ ಉತ್ತರ: ಯಾರನ್ನೂ ಇಲ್ಲ. ತೂತಿನಾಚೆ ಏನಿದೆ ಎಂದು ಈ ನಾಲ್ವರಿಗೆ ಗೊತ್ತಿಲ್ಲ. ಡಿಸೆಂಬರ್ 27ರಂದು ಎಡ್ಮಂಟನ್‌ನ ಒಂದು ಪ್ಲಟೂನು ಹೊಕ್ಕಿದ್ದ ಮನೆಯನ್ನು, ಮೊದಲೇ ಹುದುಗಿಸಿಟ್ಟಿದ್ದ ಸಿಡಿಮದ್ದಿನಿಂದ ಜರ್ಮನ್ನರು ಉರುಳಿಸಿದರು. ಜೊತೆಗಾರರು ಕಲ್ಲು ಎತ್ತುತ್ತಲೇ ಇದ್ದರು. ಲ್ಯಾನ್ಸ್ ಕಾರ್ಪೊರಲ್ ರಾಯ್ ಬಾಯ್ಡ್ ಒಬ್ಬರು ಮೂರೂವರೆ ದಿನದ ಮೇಲೆ ಜೀವಂತ ಸಿಕ್ಕರು. ಅದನ್ನು ಓದಿದ ಮೇಲೆ ಆ ಕೋಣೆಯಲ್ಲಿ ಬೊಂಬೆ ಇಡಲು ನನಗೆ ಮನಸ್ಸಾಗಲಿಲ್ಲ. ಒಂದು ಮಗುಚಿದ ಮಂಚ, ಗೋಡೆಗೆ ಇನ್ನೂ ನೇತಾಡುತ್ತಿರುವ ಒಂದು ಕನ್ನಡಿ, ಮೆಟ್ಟಿಲಿನ ಬಾಯಿ, ಅಷ್ಟೆ.

ಥಾಂಪ್ಸನ್‌ನವನು ಇವತ್ತು ತೂತಿನ ಮುಂದೆ ಕೂತ. ಎಡಗೈ ಒಡಕು ಇಟ್ಟಿಗೆಯ ಮೇಲೆ, ತಲೆ ಇನ್ನೂ ಬಂದಿಲ್ಲ. ಪೋಸ್ಟ್‌ಮ್ಯಾನ್ ಬರುವ ತನಕ ಹೆಲ್ಮೆಟ್ಟನ್ನು ಮೆತ್ತನೆಯ ಅಂಟುಮುದ್ದೆ ಬ್ಲೂಟ್ಯಾಕ್‌ನಲ್ಲಿ ನಿಲ್ಲಿಸಿದ್ದೇನೆ.